ಪ್ರವಾಸದಲ್ಲಿ ನಾನು ಬರೆಯುವುದಿಲ್ಲ

ದಸರಾ ರಜೆಯೂ ದೀಪಾವಳಿ ವಿಶೇಷಾಂಕದ ಕೆಲಸವೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಕನ್ನಡದಲ್ಲಿ ಕಥೆ ಬರೆಯುವವರಿಗೆಲ್ಲ ಪರಿಚಿತವಾದ ಇಕ್ಕಟ್ಟು ಇದು. ಮಕ್ಕಳಿಗೆ ಶಾಲೆ ಇರದಿರುವುದು, ನಮ್ಮ ಯಜಮಾನರಿಗೆ ಕಚೇರಿಯಲ್ಲಿ ರಜೆ ಸಿಗುವುದು, ಪತ್ರಿಕೆಯವರು ಕಥೆ ಎಲ್ಲಿ ಎಂದು ಕೇಳುವುದು, ಎಲ್ಲವೂ ಆಗಲೇ. ಇದರ ಮೇಲೆ ನನಗೆ ಪ್ರತಿ ಭಾನುವಾರದ ಅಂಕಣವಿದೆ, ಅರ್ಧ ಬರೆದ ಕಾದಂಬರಿ ಇದೆ. ಹೋದ ವರ್ಷ ಮನೆಮಂದಿಯೆಲ್ಲ ಬಾದಾಮಿಗೆ ಹೊರಟಾಗ, ವಾಪಸು ಬರುವವರೆಗೆ ಒಂದಕ್ಷರವನ್ನೂ ಬರೆಯುವುದಿಲ್ಲ ಎಂದು ನಿರ್ಧರಿಸಿದೆ. ಅದು ಸಾಧ್ಯವಾದದ್ದು ಹೇಗೆಂದು ಹೇಳುತ್ತೇನೆ.

ಕೆಲಸ ಆಗಸ್ಟ್‌ನಲ್ಲೇ ಶುರುವಾಯಿತು. ಪುರವಣಿಯ ಸಂಪಾದಕರಿಗೆ ಫೋನ್ ಮಾಡಿ, ಇಂಥ ದಿನಗಳಲ್ಲಿ ನಾನು ಊರಲ್ಲಿರುವುದಿಲ್ಲ, ಮೇಲ್ ನೋಡುವುದಿಲ್ಲ ಎಂದು ತಿಳಿಸಿದೆ. ಯಾವ ವಾರ ಹಾಕಿದರೂ ಹಳತೆನಿಸದ ಅಂಕಣಗಳನ್ನು ಮೊದಲೇ ಬರೆದು ಕಳುಹಿಸಿದೆ. ಹಬ್ಬ, ಚುನಾವಣೆ, ಮಳೆ ಎಂದೆಲ್ಲ ತಾರೀಕಿಗೆ ಅಂಟಿಕೊಂಡ ವಿಷಯಗಳನ್ನು ಇಂಥ ಮುಂಗಡ ಬರಹದಲ್ಲಿ ಮುಟ್ಟಬಾರದು. ತೀರಾ ತುರ್ತಾದರೆ ಯಜಮಾನರ ನಂಬರಿಗೆ ಕರೆ ಮಾಡಿ ಎಂದಿದ್ದೆ. ಒಂದೇ ಒಂದು ಕರೆ ಬಂತು, ಶೀರ್ಷಿಕೆ ಉದ್ದವಾಯಿತು ಎಂದು. ಎರಡು ಪದ ತೆಗೆಯಲು ಒಪ್ಪಿದೆ, ಮುಗಿಯಿತು. ಮೊದಲೇ ಹೇಳಿದರೆ ಸಂಪಾದಕರು ಬೇಸರಿಸುವುದಿಲ್ಲ. ಅವರಿಗೆ ಕಷ್ಟವಾಗುವುದು ಪುಟ ಕಟ್ಟುವ ದಿನ ನಾವು ಸಿಗದೆ ಹೋದರೆ ಮಾತ್ರ.

ಕಾದಂಬರಿಯದು ಬೇರೆ ತರಹದ ಕಷ್ಟ. ಅದಕ್ಕೆ ಗಡುವಿಲ್ಲ, ಹಾಗಾಗಿ ಅದು ಎಲ್ಲಿಗೆ ಹೋದರೂ ಬೆನ್ನು ಬಿಡುವುದಿಲ್ಲ. ಅಧ್ಯಾಯ ಮುಗಿಸಿಯೇ ಹೊರಡೋಣ ಎಂದು ಮನಸ್ಸು ಹಟ ಹಿಡಿಯುತ್ತದೆ. ನಾನು ಮುಗಿಸಲಿಲ್ಲ. ಒಬ್ಬಾಕೆ ಬಾಗಿಲು ತೆರೆದು ಎದುರಿಗಿರುವವನನ್ನು ಗುರುತಿಸುವ ಸನ್ನಿವೇಶವನ್ನು ಬರೆಯುತ್ತಿದ್ದೆ. ಅವಳ ಮೊದಲ ಮಾತು ಏನೆಂದು ನನಗೆ ಸ್ಪಷ್ಟವಿದ್ದಾಗಲೇ ಪೆನ್ನು ಕೆಳಗಿಟ್ಟೆ. ಆ ಮಾತನ್ನೂ ಆಮೇಲೆ ನಡೆಯಬೇಕಾದ ಎರಡು ಸಂಗತಿಗಳನ್ನೂ ಒಂದು ಚೀಟಿಯಲ್ಲಿ ಬರೆದು ಹಸ್ತಪ್ರತಿಯ ಮೇಲೆ ಪಿನ್ ಮಾಡಿದೆ. ಮರೆತುಹೋಗುತ್ತದೆ ಎಂಬ ಭಯ ಆ ಚೀಟಿಗೆ ವರ್ಗವಾಯಿತು. ಲ್ಯಾಪ್‌ಟಾಪ್ ಮನೆಯಲ್ಲೇ ಉಳಿಯಿತು.

ನೋಟ್‌ಬುಕ್ ಕೂಡ ಉಳಿಯಿತು. ಈ ನಿಯಮವನ್ನು ಕೇಳಿದ ಬರೆಯುವ ಗೆಳತಿಯರು ಹುಬ್ಬೇರಿಸುತ್ತಾರೆ. ನಾಲ್ಕು ಸಾಲು ಟಿಪ್ಪಣಿ ಮಾಡಿಕೊಂಡರೆ ಏನು ನಷ್ಟ ಎನ್ನುತ್ತಾರೆ. ನಷ್ಟವಿದೆ. ಟಿಪ್ಪಣಿ ಮಾಡುವ ಕೈ ಇದ್ದರೆ ಕಿವಿಯೂ ಅದಕ್ಕೇ ದುಡಿಯತೊಡಗುತ್ತದೆ. ಅತ್ತೆಯವರು ತಮ್ಮ ತವರಿನ ವಿಷಯ ಹೇಳುತ್ತಿದ್ದರೆ, ಈ ಮಾತನ್ನು ಯಾವ ಪಾತ್ರದ ಬಾಯಲ್ಲಿ ಇಡಬಹುದು ಎಂದು ಲೆಕ್ಕ ಹಾಕುತ್ತಿರುತ್ತೇನೆ. ಮನೆಯವರಿಗೆ ಅದು ಗೊತ್ತಾಗುತ್ತದೆ. ಮುಖ ನೋಡಿಯೇ ಮಗಳು, "ಅಮ್ಮ, ನೀನು ಬರೀತಾ ಇದ್ದೀಯಾ?" ಎಂದು ಕೇಳುತ್ತಾಳೆ, ಕೈಯಲ್ಲಿ ಪೆನ್ನಿಲ್ಲದಿದ್ದರೂ.

ಎಲ್ಲಕ್ಕಿಂತ ಕಷ್ಟವೆನಿಸಿದ್ದು ಬೆಳಗಿನ ಜಾವ. ವರ್ಷಗಳಿಂದ ಐದು ಗಂಟೆಗೆದ್ದು ಬರೆಯುವ ಅಭ್ಯಾಸ. ಬಾದಾಮಿಯ ವಸತಿಗೃಹದಲ್ಲೂ ಸರಿಯಾಗಿ ಅದೇ ಹೊತ್ತಿಗೆ ಎಚ್ಚರವಾಯಿತು. ಸುಮ್ಮನೆ ಮಲಗಿದ್ದರೆ ತಲೆಯೊಳಗೇ ಬರವಣಿಗೆ ಆರಂಭವಾಗುತ್ತದೆ. ಆದ್ದರಿಂದ ಯಜಮಾನರನ್ನು ಎಬ್ಬಿಸಿ ಚಹಾ ಕುಡಿಯಲು ಹೊರಟೆ. ಮರುದಿನದಿಂದ ಅವರೇ ಎದ್ದು ಕಾಯುತ್ತಿದ್ದರು. ನಮ್ಮಿಬ್ಬರಿಗೆ ಆ ಹೊತ್ತಿನಲ್ಲಿ ಒಟ್ಟಿಗೆ ಮಾತನಾಡಿ ಎಷ್ಟು ಕಾಲವಾಗಿತ್ತೋ! ಮನೆಯಲ್ಲಿ ನಾನು ಬರೆಯುವ ಹೊತ್ತಿಗೆ ಯಾರೂ ಸದ್ದು ಮಾಡಬಾರದೆಂಬುದು ವಾಡಿಕೆ. ಬರೆಯುವವರು ಬಿಡುವು ತೆಗೆದುಕೊಳ್ಳುವಾಗ ಮೊದಲು ಆ ಹೊತ್ತನ್ನು ಮನೆಯ ಯಾರಿಗಾದರೂ ಕೊಟ್ಟುಬಿಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಬಳಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹಾಕಿಸಿಕೊಂಡು ಉಂಡೆವು. ಪಟ್ಟದಕಲ್ಲಿನಲ್ಲಿ ಒಂದು ಸಿದ್ಧ ಅಂಕಣವೇ ಎದುರಿಗೆ ನಿಂತಿತು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ, ಅಲ್ಲಿನ ಶಾಸನದಲ್ಲಿ ಉಳಿದುಕೊಂಡಿರುವ ಸೂತ್ರಧಾರಿ, ಅಂದರೆ ಗುಡಿ ಕಟ್ಟಿದ ಪ್ರಧಾನ ಶಿಲ್ಪಿ, ಗುಂಡ ಅನಿವಾರಿತಾಚಾರಿಯ ಹೆಸರು. ಅದನ್ನು ಮಗನಿಗೆ ಹೇಳಿದೆ. ಅವನಿಗೆ ಅಲ್ಲಿನ ನಂದಿಯ ಬೆನ್ನು ಎಷ್ಟು ನುಣುಪು ಎಂಬುದರಲ್ಲೇ ಹೆಚ್ಚು ಆಸಕ್ತಿಯಿತ್ತು. ನಾನೂ ಅವನ ಜೊತೆ ನಂದಿಯನ್ನು ನೋಡುತ್ತ ನಿಂತೆ.

ಮನಸ್ಸು ನಿಜಕ್ಕೂ ತುಡಿದದ್ದು ಬಾದಾಮಿಯಲ್ಲೇ, ಅಗಸ್ತ್ಯ ತೀರ್ಥದ ಸಮೀಪದ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನದ ಮುಂದೆ. ಸುಮಾರು ಕ್ರಿ.ಶ. 700ರ ಕಾಲದ್ದು. ಮೂರು ಸಾಲಿನ ಪದ್ಯವಾದ ಕನ್ನಡದ ತ್ರಿಪದಿಯ, ನಮಗೆ ಸಿಗುವ ಅತಿ ಹಳೆಯ ರೂಪ ಇದರಲ್ಲಿದೆ. 'ಸಾಧುಗೆ ಸಾಧು' ಎಂಬ ಸಾಲನ್ನು ನಾನು ನಿಧಾನವಾಗಿ ಹೇಳಿದೆ. ಅತ್ತೆಯವರು ಮತ್ತೊಮ್ಮೆ ಹೇಳಿಸಿದರು. ಆಮೇಲೆ, "ಇದು ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಧಾಟಿಗೆ ಕೂಡುತ್ತದಲ್ಲವೇನಮ್ಮಾ" ಎಂದು, ಬಂಡೆಗೆ ಒರಗಿ ಕುಳಿತು ಬೀಸುವ ಪದಗಳನ್ನು ಹಾಡಿದರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಬಲಗೈ ಮಾತ್ರ ಕಲ್ಲಿನ ಹಿಡಿಗೂಟ ಹಿಡಿದಂತೆ ಸುತ್ತುತ್ತಿತ್ತು. ಮೂರನೆಯ ಸಾಲಿಗೆ ಬಂದಾಗ ಉಸಿರು ತೆಗೆದುಕೊಂಡು, ಎರಡನೆಯ ಸಾಲಿನ ಕೊನೆಯ ತುಣುಕನ್ನು ಮತ್ತೆ ಎತ್ತಿಕೊಂಡು ಮುಂದುವರಿಸುತ್ತಿದ್ದರು. ಮೊಬೈಲ್ ತೆಗೆದು ಧ್ವನಿಮುದ್ರಿಸಲೇ ಎಂದುಕೊಂಡೆ. ತೆಗೆಯಲಿಲ್ಲ. ತೆಗೆದಿದ್ದರೆ ಅವರು ನಿಲ್ಲಿಸುತ್ತಿದ್ದರು ಅಥವಾ ಮೊಬೈಲಿಗಾಗಿ ಹಾಡುತ್ತಿದ್ದರು. ಮಗಳು ಮೂರನೆಯ ಪದದ ಹೊತ್ತಿಗೆ ದನಿಗೂಡಿಸಿದಳು. ಈಗ ಇದನ್ನು ಬರೆಯುತ್ತಿರುವುದು ಅತ್ತೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆ.

ಬಿಡುವಿನಿಂದ ಬರವಣಿಗೆ ಸುಧಾರಿಸಿತೇ ಎಂದು ಹಲವರು ಕೇಳಿದ್ದಾರೆ. ಇಲ್ಲ. ಕಾದಂಬರಿ ಮೊದಲು ಎಷ್ಟು ಕಠಿಣವಿತ್ತೋ ಈಗಲೂ ಅಷ್ಟೇ ಕಠಿಣ. ಸುಧಾರಿಸಲೆಂದು ಬಿಡುವು ಮಾಡಿಕೊಂಡರೆ ಅದೂ ಬರವಣಿಗೆಯ ಲೆಕ್ಕಕ್ಕೇ ಸೇರುತ್ತದೆ, ಮನೆಯವರು ಮತ್ತೆ ಕಚ್ಚಾ ಸಾಮಗ್ರಿಯಾಗುತ್ತಾರೆ. ಆ ದಿನಗಳು ಅವರವು. ದಿನವೂ ಬರೆಯದಿದ್ದರೆ ಕೈ ಕೆಡುತ್ತದೆ ಎಂಬ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ. ಕೈ ಜಡವಾಗುತ್ತದೆ, ನಿಜ. ಅದು ವಾರದೊಳಗೆ ಸಡಿಲವಾಗುತ್ತದೆ.

ಸಡಿಲಿಸುವುದಕ್ಕೆ ನಾನು ಮಾಡುವುದಿಷ್ಟು. ಊರಿಗೆ ಬಂದ ದಿನ ಬಟ್ಟೆ ಒಗೆಯುವುದು, ಬಂದ ಮೇಲ್‌ಗಳಿಗೆ ಉತ್ತರಿಸುವುದು, ಅಷ್ಟೇ. ಮರುದಿನ ಬೆಳಿಗ್ಗೆ ಕಾದಂಬರಿಯ ಕೊನೆಯ ಎರಡು ಪುಟಗಳನ್ನು ಪೆನ್ನಿನಲ್ಲಿ ಹಾಗೆಯೇ ನಕಲು ಮಾಡುತ್ತೇನೆ, ತಿದ್ದುವುದಿಲ್ಲ. ನಕಲು ಮಾಡುತ್ತ ವಾಕ್ಯದ ಓಟ ಮರಳುತ್ತದೆ. ಆಮೇಲೆ ಚೀಟಿ ಬಿಚ್ಚುತ್ತೇನೆ. ಬಾಗಿಲು ತೆರೆದಾಕೆಯ ಮೊದಲ ಮಾತು ಹೋದ ಸಲ ನನಗೆ ಸಪ್ಪೆ ಎನಿಸಿತು. ಹೊಡೆದುಹಾಕಿ ಬೇರೆ ಬರೆದೆ. ಆದರೂ ಅದು ಅಲ್ಲಿದ್ದುದರಿಂದಲೇ ಖಾಲಿ ಹಾಳೆಯ ಮುಂದೆ ಕೂರುವುದು ತಪ್ಪಿತು.

ಈ ದಸರಾ ರಜೆಗೆ ಬೇಲೂರು, ಹಳೇಬೀಡು ಎಂದು ಮಕ್ಕಳು ಆಗಲೇ ನಿಶ್ಚಯಿಸಿದ್ದಾರೆ. ಸಂಪಾದಕರಿಗೆ ತಿಳಿಸಿಯಾಗಿದೆ. ವಿಶೇಷಾಂಕದ ಕಥೆಯ ಕರಡು ಮುಗಿದಿದೆ, ತಿದ್ದುವುದು ಬಾಕಿ.