ಅಟ್ಟದ ಮೇಲಿನ ಟಿವಿ ಗೇಮನ್ನು ಮತ್ತೆ ಓಡಿಸುವುದು

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ‘ಟಿವಿ ಗೇಮ್’ ಎಂದು ಮನೆಮನೆಗೆ ಬಂದವುಗಳಲ್ಲಿ ಬಹುಪಾಲು 1983ರಲ್ಲಿ ಜಪಾನಿನ ನಿಂಟೆಂಡೊ ತಂದ ಆಟದ ಸೆಟ್ ಫ್ಯಾಮಿಕಾಮ್‌ನ ನಕಲುಗಳು. 60 ಪಿನ್ನಿನ ಕ್ಯಾಸೆಟ್, ಒಳಗೆ ಕರಿ ಅಂಟಿನ ಬೊಟ್ಟಿನಡಿ ಚಿಪ್. ಚಿಪ್ಪೇ ಸತ್ತಿರುವುದು ಅಪರೂಪ. ಕೈಕೊಡುವುದು ಸಾಮಾನ್ಯವಾಗಿ ಕರೆಂಟು, ಇಲ್ಲವೇ ಪಿನ್ನು.

ನಾನು ಮೊದಲು ನೋಡುವುದು ಅಡಾಪ್ಟರ್. ಹಳೆ ಟ್ರಾನ್ಸ್‌ಫಾರ್ಮರ್ ಅಡಾಪ್ಟರಿನ ಮೇಲೆ 9 ವೋಲ್ಟ್ ಎಂದಿದ್ದರೂ ಲೋಡ್ ಇಲ್ಲದಾಗ ಮೀಟರ್ 12-13 ತೋರಿಸುತ್ತದೆ, ಅದು ದೋಷವಲ್ಲ. ಅಪಾಯ ಇರುವುದು ಪ್ಲಸ್-ಮೈನಸ್‌ನಲ್ಲಿ. ಈಗಿನ ರೂಟರ್ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ನಡುವಿನ ಭಾಗ ಪ್ಲಸ್; ಈ ಸೆಟ್ಟುಗಳಲ್ಲಿ ಎಷ್ಟೋ ಸಲ ಮೈನಸ್. ಹಾಗಾಗಿ ಸೆಟ್ ಬಿಚ್ಚಿ, 7805 ರೆಗ್ಯುಲೇಟರಿನ (ವೋಲ್ಟನ್ನು 5ಕ್ಕೆ ಇಳಿಸಿ ಸ್ಥಿರವಾಗಿಡುವ ಮೂರು ಕಾಲಿನ ಬಿಡಿಭಾಗ) ನಡುಗಾಲು, ಅಂದರೆ ಗ್ರೌಂಡ್, ಸಾಕೆಟ್ಟಿನ ಯಾವ ಭಾಗಕ್ಕೆ ಸೇರಿದೆ ಎಂದು ಮಲ್ಟಿಮೀಟರಿನ ಬೀಪ್‌ನಿಂದ ಖಚಿತ ಮಾಡಿಕೊಳ್ಳುತ್ತೇನೆ. ಆನ್ ಮಾಡಿದ ಮೇಲೆ ಮೂರನೇ ಕಾಲಿನಲ್ಲಿ 4.8ರಿಂದ 5.2 ವೋಲ್ಟ್ ಸಿಗಬೇಕು. ಚಿತ್ರದ ಮೇಲೆ ಅಡ್ಡಪಟ್ಟೆ ತೇಲುತ್ತಿದ್ದರೆ ಮೊದಲ ಅನುಮಾನ ರೆಗ್ಯುಲೇಟರ್ ಪಕ್ಕದ ದೊಡ್ಡ ಕೆಪಾಸಿಟರ್ ಮೇಲೆ. 1000 ಮೈಕ್ರೋಫ್ಯಾರಡ್, 25 ವೋಲ್ಟಿನದು ಸಾಕು. ಮೈನಸ್ ಪಟ್ಟಿ ನೋಡಿ ಬೆಸುಗೆ ಹಾಕಿ.

ಇನ್ನು ಪಿನ್ನು. ಹಾಡು ಬರುತ್ತಿದೆ, ಆಟವೂ ನಡೆಯುತ್ತಿದೆ, ಚಿತ್ರ ಮಾತ್ರ ಚೌಕ ಚೌಕವಾಗಿ ಚಿಂದಿಯಾಗಿದ್ದರೆ ಚಿತ್ರದ ಡೇಟಾ ತರುವ ಪಿನ್ನು ಕೂಡುತ್ತಿಲ್ಲ. ಪರದೆ ಒಂದೇ ಬಣ್ಣದಲ್ಲಿ ನಿಂತುಬಿಟ್ಟರೆ ಹೆಚ್ಚಾಗಿ ಪ್ರೋಗ್ರಾಮ್ ಕಡೆಯದು. ಕ್ಯಾಸೆಟ್ಟಿನ ಅಂಚನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, 99% ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸುತ್ತೇನೆ. ಉಪ್ಪುಕಾಗದ ಬೇಡವೇ ಬೇಡ, ಲೇಪ ಹೋದರೆ ತಾಮ್ರ ಬೇಗ ಕಪ್ಪಾಗುತ್ತದೆ. ಸೆಟ್ಟಿನ ಬಾಯಿಗೆ ಅದೇ ಬಟ್ಟೆಯನ್ನು ತೆಳು ರಟ್ಟಿಗೆ ಸುತ್ತಿ ನಾಲ್ಕೈದು ಸಲ ಮೇಲೆ-ಕೆಳಗೆ ಆಡಿಸಿ, ಪೂರ್ತಿ ಒಣಗಿದ ಮೇಲೆ ಆನ್ ಮಾಡುತ್ತೇನೆ. ನಾವೆಲ್ಲ ಬಾಯಿಂದ ಊದುತ್ತಿದ್ದೆವಲ್ಲ, ಕೆಲಸ ಮಾಡುತ್ತಿದ್ದದ್ದು ಉಸಿರಲ್ಲ, ಕ್ಯಾಸೆಟ್ ತೆಗೆದು ಮತ್ತೆ ಹಾಕಿದ್ದು. ಉಸಿರಿನ ತೇವದಿಂದ ಪಿನ್ನಿಗೆ ಕಿಲುಬು ಹಿಡಿಯುತ್ತದೆ, ಅಷ್ಟೇ.

ಹಳದಿ ಎವಿ ವೈರು ಈಗಿನ ಎಲ್ಲ ಎಲ್ಇಡಿ ಟಿವಿಗೂ ಒಗ್ಗುವುದಿಲ್ಲ. ಕೆಲವು ‘ನೋ ಸಿಗ್ನಲ್’ ಎನ್ನುತ್ತವೆ. ಬಾತುಕೋಳಿ ಹೊಡೆಯುವ ಗನ್ನಿಗಂತೂ ಡಬ್ಬಿ ಟಿವಿಯೇ ಬೇಕು. ಟ್ರಿಗರ್ ಒತ್ತಿದಾಗ ಪರದೆಯಲ್ಲಿ ಮಿನುಗುವ ಬಿಳಿ ಚೌಕವನ್ನು ಅದು ಆ ಕ್ಷಣದಲ್ಲೇ ಹಿಡಿಯಬೇಕು, ಎಲ್ಇಡಿ ಟಿವಿ ಅದನ್ನು ತಡವಾಗಿ ತೋರಿಸುತ್ತದೆ.

ಸೆಟ್ ಪೂರ್ತಿ ಕೈಕೊಟ್ಟರೆ ಎಮ್ಯುಲೇಟರ್ ಇದೆ, ಅಂದರೆ ಕಂಪ್ಯೂಟರಿನಲ್ಲಿ ಆ ಸೆಟ್ಟಿನಂತೆಯೇ ಆಟ ಓಡಿಸುವ ತಂತ್ರಾಂಶ. ಆದರೆ ಅದರಲ್ಲಿ ಮಾರಿಯೊ ಅತಿ ವೇಗವಾಗಿ ಓಡಿದಂತೆ ಅನಿಸುತ್ತದೆ, ಭ್ರಮೆಯಲ್ಲ. ಭಾರತದ ಟಿವಿ ಪಾಲ್ ಪದ್ಧತಿಯದು, ಪರದೆ ಸೆಕೆಂಡಿಗೆ 50 ಸಲ (50 ಹರ್ಟ್ಸ್) ಹೊಸದಾಗುತ್ತದೆ, ಜಪಾನಿನ ಫ್ಯಾಮಿಕಾಮ್‌ನಲ್ಲಿ 60 ಸಲ. ನಮ್ಮಲ್ಲಿ ಆಟ ಆರನೇ ಒಂದು ಪಾಲು ನಿಧಾನವಾಗಿತ್ತು. ಎಫ್‌ಸಿಇಯುಎಕ್ಸ್ ಅಥವಾ ಮೆಸೆನ್ ಎಂಬ ಎಮ್ಯುಲೇಟರಿನಲ್ಲಿ ರೀಜನ್ ಜಾಗಕ್ಕೆ ಹೋಗಿ ‘ಡೆಂಡಿ’ (ರಷ್ಯಾದಲ್ಲಿ ಮಾರಾಟವಾದ ಫ್ಯಾಮಿಕಾಮ್ ನಕಲು) ಆರಿಸಿ. ‘ಪಾಲ್’ ಆರಿಸಿದರೆ ಯುರೋಪಿನ ಅಸಲಿ ಸೆಟ್ಟಿನ ಚಿಪ್ ವೇಗದ 1.66 ಮೆಗಾಹರ್ಟ್ಸ್ ಲೆಕ್ಕ ಬಂದು ಹಾಡಿನ ಶ್ರುತಿ ಸುಮಾರು 7% ಇಳಿಯುತ್ತದೆ. ಡೆಂಡಿಯಲ್ಲಿ 1.77, ಶ್ರುತಿ ಹೆಚ್ಚುಕಡಿಮೆ ಮೂಲದ್ದೇ, ಓಟ ಮಾತ್ರ 50 ಹರ್ಟ್ಸ್‌ನದು.