ಬಸ್ಸಿಳಿದು ನಡೆಯುವ ಮಲೆನಾಡು

ಮಲೆನಾಡಿನಲ್ಲಿ ನಡೆಯೋಕೆ ಹೋಗಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದೇ: ಕಾರು ಮನೆಯಲ್ಲೇ ಇರಲಿ. ಕಾರು ತಂದರೆ ನಿಲ್ಲಿಸಿದ ಜಾಗಕ್ಕೇ ತಿರುಗಿ ಬರಬೇಕಾಗುತ್ತದೆ. ಬಸ್ಸಿನಲ್ಲಿ ಹೋದವರಿಗೆ ಆ ಹಂಗಿಲ್ಲ. ಒಂದು ರಸ್ತೆಯಲ್ಲಿ ಇಳಿದು, ಗುಡ್ಡ ಹತ್ತಿ, ಆಚೆ ಕಡೆಯ ಗದ್ದೆಕೋಗಿಗೆ (ಗುಡ್ಡಗಳ ನಡುವಿನ ಗದ್ದೆ ಸಾಲಿಗೆ) ಇಳಿದು, ಇನ್ನೊಂದು ರಸ್ತೆಯಲ್ಲಿ ಬೇರೆ ಬಸ್ಸು ಹಿಡಿಯಬಹುದು.

ತೀರ್ಥಹಳ್ಳಿಯನ್ನೇ ನೋಡಿ. ಶಿವಮೊಗ್ಗದಿಂದ ಸುಮಾರು 60 ಕಿಲೋಮೀಟರ್. ದಾರಿಯುದ್ದಕ್ಕೂ ತುಂಗೆ ಆಗಾಗ ಕಾಣಿಸಿಕೊಳ್ಳುತ್ತಾಳೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಲ್ಲ ಅದೇ ರಸ್ತೆಯ ಊರುಗಳು. ತೀರ್ಥಹಳ್ಳಿಯಿಂದ ಕೊಪ್ಪಕ್ಕೊಂದು ರಸ್ತೆ, ಆಗುಂಬೆಗೊಂದು ರಸ್ತೆ. ಎರಡರ ನಡುವೆ ತುಂಗೆಯ ಕಣಿವೆ. ಈ ಕಣಿವೆಯ ತುಂಬ ಅಡಿಕೆ ತೋಟ, ಗದ್ದೆ, ಕಾನು (ದಟ್ಟ ಕಾಡು), ನಡುನಡುವೆ ಒಂಟಿ ಮನೆಗಳು. ಮನೆಯಿಂದ ಮನೆಗೆ ಕಾಲುದಾರಿ ಇದ್ದೇ ಇದೆ. ಹೊಳೆ ದಾಟಲು ಸೇತುವೆ ಎಲ್ಲಿದೆ ಅನ್ನುವುದನ್ನು ಮಾತ್ರ ಬಸ್ಸು ಹತ್ತುವ ಮೊದಲೇ ಕೇಳಿಟ್ಟುಕೊಂಡಿರಬೇಕು.

ದಿನದ ಲೆಕ್ಕವನ್ನು ನಾನು ಸಂಜೆಯಿಂದ ಹಿಂದಕ್ಕೆ ಹಾಕುತ್ತೇನೆ. ಮೊದಲು ಗೊತ್ತಾಗಬೇಕಾದ್ದು ಕೊನೇ ಬಸ್ಸಿನ ಹೊತ್ತು. ಇಲ್ಲಿ ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ ಇದೆ. ಹಳ್ಳಿ ಬಸ್ಸುಗಳು ಸಂಜೆ ಹೊತ್ತಿಗೆ ಪೇಟೆಯಿಂದ ಒಳಗೆ ಹೋಗುತ್ತವೆ. ಶಾಲೆ ಮಕ್ಕಳು, ಕೆಲಸಕ್ಕೆ ಹೋದವರು, ಸಂತೆಗೆ ಹೋದವರು ಮನೆ ಸೇರಬೇಕಲ್ವಾ? ಅವುಗಳಲ್ಲಿ ಕೊನೆಯದು ಹಾಲ್ಟಿಂಗ್ ಬಸ್ಸು. ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಿಗ್ಗೆ ವಾಪಸ್ ಬರುತ್ತದೆ. ಅಂದರೆ ಸಂಜೆ ಐದರ ಮೇಲೆ ಒಳಗಿನ ಹಳ್ಳಿಯಲ್ಲಿ ನಿಂತರೆ ನಿಮ್ಮ ಎದುರು ಬರುವ ಬಸ್ಸು ನಿಮ್ಮನ್ನು ಇನ್ನೂ ಒಳಗೆ ಕರೆದುಕೊಂಡು ಹೋಗುತ್ತದೆ.

ಹಾಗಾಗಿ ನಾನು ಒಳಗಿನಿಂದ ಹೊರಗೆ ನಡೆಯುತ್ತೇನೆ. ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಆದಷ್ಟು ಒಳಗೆ ಹೋಗಿ ಇಳಿಯುವುದು, ಅಲ್ಲಿಂದ ಮುಖ್ಯ ರಸ್ತೆಯ ಕಡೆಗೆ ಬರುವುದು. ಹೆದ್ದಾರಿಗೆ ಬಂದು ಬಿದ್ದರೆ ಮುಗಿಯಿತು, ಹೊತ್ತು ಮುಳುಗಿದ ಮೇಲೂ ಯಾವುದಾದರೂ ಬಸ್ಸು ಸಿಗುತ್ತದೆ.

ಹೊತ್ತಿನ ವಿಚಾರದಲ್ಲಿ ಮೊಬೈಲ್ ನಂಬಿಕೊಂಡು ಹೋಗಬೇಡಿ. ನಕ್ಷೆಯಲ್ಲಿ ಈ ಬಸ್ಸುಗಳು ಇರುವುದೇ ಇಲ್ಲ. ಕಂಡಕ್ಟರ್‌ನ ಕೇಳಿ. ಟಿಕೆಟ್ ಕೊಡುವಾಗ ಬೇಡ, ಜನ ಇಳಿದು ಬಸ್ಸು ಸ್ವಲ್ಪ ಖಾಲಿಯಾದ ಮೇಲೆ. ನಾನು ಕೇಳಿದಾಗ ಒಬ್ಬರು ಹೀಗೆ ಹೇಳಿದ್ದರು: "ನಾಲ್ಕೂ ಮುಕ್ಕಾಲಿಗೆ ನಮ್ದೇ ಬಸ್ಸು ವಾಪಸ್ ಬರ್ತದೆ. ಕ್ರಾಸಲ್ಲಿ ನಿಂತಿರಿ. ಅದು ತಪ್ಪಿದ್ರೆ ಇವತ್ತಿಗೆ ಮುಗೀತು ಮಾರಾಯ್ರೇ." ಸಂಜೆ ಕ್ರಾಸ್ ಬಂದಾಗ ಅವರೇ ತಲೆ ಹೊರಗೆ ಹಾಕಿ ನನ್ನನ್ನು ಹುಡುಕುತ್ತಿದ್ದರು. ಭಾನುವಾರ ಕೆಲವು ಟ್ರಿಪ್ ಇರುವುದಿಲ್ಲ, ಅದನ್ನೂ ಕೇಳಿಕೊಳ್ಳಿ.

ಒಳ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಲ್ಲಿ ಇಲ್ಲ, ಹೆಣ್ಣುಮಕ್ಕಳೂ ಚಿಲ್ಲರೆ ಇಟ್ಟುಕೊಂಡಿರಬೇಕು. ಕೊಪ್ಪದ ಕಡೆ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋಯಿತು. ಎಷ್ಟೋ ಹಳ್ಳಿಗಳಿಗೆ ಅದೇ ಬಸ್ಸು ಗಡಿಯಾರವಾಗಿತ್ತು. ನಡೆಯುವವರು ಈ ಬಸ್ಸುಗಳಲ್ಲಿ ಓಡಾಡಿದರೆ ಒಂದೆರಡು ಟಿಕೆಟ್ಟಾದರೂ ಜಾಸ್ತಿಯಾಗುತ್ತದೆ. ಇದು ನನಗೆ ಮುಖ್ಯ ಅನ್ನಿಸುತ್ತದೆ.

ಹೊಸಬರಿಗೆ ಸುಲಭದ್ದು ಕುಪ್ಪಳಿ. ಕೊಪ್ಪದ ಬಸ್ಸು ಹತ್ತಿ ಗಡಿಕಲ್ಲಿನಲ್ಲಿ ಇಳಿದರೆ ಕುವೆಂಪು ಅವರ ಕವಿಮನೆಗೆ ಸಲೀಸಾಗಿ ನಡೆದು ಹೋಗಬಹುದು. ಮನೆಯ ಹಿಂದಿನ ಗುಡ್ಡ ಹತ್ತಿದರೆ ಕವಿಶೈಲ. ಕುವೆಂಪು, ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಬಂಡೆಯ ಮೇಲೆ ತಮ್ಮ ಹೆಸರು ಕೆತ್ತಿದ್ದು 1936ರಲ್ಲಿ. ಅಲ್ಲಿ ಕೂತು ಪಶ್ಚಿಮಕ್ಕೆ ನೋಡಿದರೆ ಕಾಡಿನ ಬೆಟ್ಟಗಳ ಸಾಲು. ಆಗುಂಬೆ ರಸ್ತೆಯ ಗುಡ್ಡೇಕೇರಿಯಿಂದ ಕುಂದಾದ್ರಿಗೂ ಹೋಗಬಹುದು. 826 ಮೀಟರ್ ಎತ್ತರ, ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ. ಆದರೆ ತುದಿಯವರೆಗೂ ಡಾಂಬರು ರಸ್ತೆ ಇದೆ, ರಜಾ ದಿನ ಕಾರುಗಳು ಜಾಸ್ತಿ. ವಾರದ ನಡುವೆ ಹೋಗಿ.

ನನಗೆ ಎಲ್ಲಕ್ಕಿಂತ ಇಷ್ಟ ಕವಲೇದುರ್ಗ. ತೀರ್ಥಹಳ್ಳಿಯಿಂದ 18 ಕಿಲೋಮೀಟರ್ ಆಸುಪಾಸು. ಬಸ್ಸು ಕಡಿಮೆ, ಆದ್ದರಿಂದ ಬೆಳಿಗ್ಗೆಯೇ ಹೊರಡಬೇಕು. ಊರಿನ ಕೊನೆಯಲ್ಲಿ ಗದ್ದೆ ಅಂಚಿನ ಮೇಲೆ ನಡೆದು ಕಾಡಿನ ಬುಡ ಮುಟ್ಟಿದರೆ ಅಲ್ಲಿಂದ ಕಲ್ಲು ಹಾಸಿದ ದಾರಿ ಶುರು. ಕೆಳದಿ ಅರಸರ ಕಾಲದ್ದು. ಒಂದೊಂದು ಕಲ್ಲೂ ಒಂದೊಂದು ಎತ್ತರ, ಮಳೆಗಾಲ ಮುಗಿದು ಎಷ್ಟೋ ವಾರ ಪಾಚಿ ಒಣಗುವುದಿಲ್ಲ. ಕಲ್ಲಿನ ಮೇಲೆ ಕಾಲಿಡಬೇಡಿ, ಎರಡು ಕಲ್ಲು ಕೂಡುವ ಸಂದಿನಲ್ಲಿ ಬೆರಳು ಊರಿ. ಅಲ್ಲಿ ಮಣ್ಣು ಇರುತ್ತದೆ, ಕಾಲು ಜಾರುವುದಿಲ್ಲ. ಒಂದು ಸುತ್ತಿನ ಕೋಟೆ ಮುಗಿಯಿತು ಅನ್ನುವಾಗ ಇನ್ನೊಂದು ಬಾಗಿಲು ಎದುರಾಗುತ್ತದೆ. ಬಾಗಿಲ ಪಕ್ಕ ಕಾವಲುಗಾರರು ಕೂರುತ್ತಿದ್ದ ಕಟ್ಟೆಯಲ್ಲಿ ನಾನು ಬುತ್ತಿ ಬಿಚ್ಚುತ್ತೇನೆ. ಒಳಗೆ ಕಾಶಿ ವಿಶ್ವನಾಥನ ಗುಡಿ, ಕೆರೆ, ಅರಮನೆಯ ತಳಪಾಯ. ಅರಮನೆಯ ಜಾಗದಲ್ಲಿ ಸುಮ್ನೆ ಅತ್ತಿತ್ತ ನಡೆದರೂ ಕೋಣೆ, ಜಗಲಿ, ನೀರು ಹರಿಯುವ ಕಾಲುವೆ ಎಲ್ಲ ಕಾಲಿಗೇ ಗೊತ್ತಾಗುತ್ತದೆ.

ಕಾಲುದಾರಿಯಲ್ಲಿ ನಡೆಯುವಾಗ ನೆನಪಿಡಿ, ನೀವು ಒಬ್ಬರ ಅಂಗಳದ ಮುಂದೆಯೇ ಹೋಗುತ್ತಿರುತ್ತೀರಿ. ಉಣುಗೋಲು (ಬೇಲಿಯ ದಾರಿಗೆ ಅಡ್ಡ ಹಾಕಿದ ಗಳ) ಸರಿಸಿ ಒಳಗೆ ಹೋದರೆ ಮತ್ತೆ ಹಾಕಿಯೇ ಮುಂದೆ ಹೋಗಬೇಕು, ಇಲ್ಲದಿದ್ದರೆ ದನ ಗದ್ದೆಗೆ ನುಗ್ಗುತ್ತವೆ. ನಾಯಿ ಬೊಗಳಿದರೆ ಓಡಬೇಡಿ, ನಿಂತು "ಯಾರಿದ್ದೀರಿ?" ಅಂತ ಕೂಗಿ. ಮನೆಯವರು ಹೊರಗೆ ಬಂದು "ಎಂತ, ಎಲ್ಲಿಗೆ ಹೊರಟಿದ್ದು? ಆಸರಿಗೆ ಬೇಕಾ?" ಅಂತ ಕೇಳುತ್ತಾರೆ. ಮಜ್ಜಿಗೆ ಕುಡಿದು, ಮುಂದಿನ ದಾರಿ ಅವರಿಂದಲೇ ತಿಳಿದುಕೊಳ್ಳಿ. ಯಾವ ಹಳ್ಳದ ಸಂಕ (ಕಾಲುಸೇತುವೆ) ಗಟ್ಟಿ ಇದೆ, ಯಾವುದು ಕೊಚ್ಚಿಹೋಗಿದೆ ಅನ್ನುವುದು ಅವರಿಗೇ ಗೊತ್ತು. ಅಡಿಕೆ ಮರ ಸೀಳಿದ ದಬ್ಬೆಯ ಸಂಕವಾದರೆ ಒಬ್ಬೊಬ್ಬರೇ ದಾಟಬೇಕು, ಪಾದ ಅಡ್ಡಡ್ಡ ಇಟ್ಟು, ಕೈಹಿಡಿಕೆಗೆ ಕಟ್ಟಿದ ಬಿದಿರನ್ನು ಸುಮ್ಮನೆ ಮುಟ್ಟಿಕೊಂಡು. ಆ ಬಿದಿರಿನ ಮೇಲೆ ಭಾರ ಹಾಕಬಾರದು. ಮಳೆಗಾಲದಲ್ಲಿ ಸಂಕದ ದಾರಿಯೇ ಬೇಡ.

ಕಾಡಿನ ವಿಷಯ ಬೇರೆ. ಸಕ್ರೆಬೈಲು, ಮಂಡಗದ್ದೆ ಸುತ್ತಿನದು ಶೆಟ್ಟಿಹಳ್ಳಿ ಅಭಯಾರಣ್ಯ, ಆನೆ ಓಡಾಡುವ ಕಾಡು. ಅಲ್ಲಿ ರಸ್ತೆ ಬಿಟ್ಟು ಒಳಗೆ ಕಾಲಿಡಬೇಡಿ. ಆಗುಂಬೆಯಿಂದ ಬರ್ಕಣ, ಒನಕೆ ಅಬ್ಬಿ ಕಡೆಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಇಂಬಳಕ್ಕೆ (ಜಿಗಣೆಗೆ) ಜನ ಸುಮ್ನೆ ಹೆದರುತ್ತಾರೆ. ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ. ಸ್ವಲ್ಪ ಹೊತ್ತು ರಕ್ತ ನಿಲ್ಲುವುದಿಲ್ಲ, ಅಷ್ಟೇ. ಹೆದರಬೇಕಾದ್ದು ಉಣುಗಿಗೆ (ಉಣ್ಣೆಗೆ), ಮಂಗನ ಕಾಯಿಲೆ ಹರಡುವುದು ಅದು ಕಚ್ಚಿದರೆ. ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ ಜಾಸ್ತಿ. ಆಗ ಓಡಾಡುವ ಮರಿ ಉಣುಗು ಎಳ್ಳಿಗಿಂತ ಸಣ್ಣದು, ಕಣ್ಣಿಗೆ ಬೀಳುವುದಿಲ್ಲ. ಸತ್ತ ಮಂಗದ ಮೈಮೇಲಿನ ಉಣುಗು ಕೆಳಗಿನ ತರಗೆಲೆಗೆ ಉದುರಿ ಅಲ್ಲೇ ಕಾದಿರುತ್ತದೆ. ಮಂಗ ಸತ್ತ ಸುದ್ದಿ ಇರುವ ಊರಿನ ಕಾಡಿಗೆ ನಾನು ಹೋಗುವುದಿಲ್ಲ. ಬೇರೆ ಕಡೆ ಹೋದರೂ ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ. ತರಗೆಲೆಯ ಮೇಲೆ ಕೂರುವುದಿಲ್ಲ, ಬಂಡೆಯೇ ಬೇಕು. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮೈ ಉಜ್ಜಿ ಸ್ನಾನ. ಆಮೇಲೆ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಕಾಡಿಗೆ ಹೋಗಿದ್ದನ್ನು ಮೊದಲು ಹೇಳಿ.

ಹಾಗಾದರೆ ಯಾವಾಗ ಹೋಗುವುದು? ನನ್ನ ಮಟ್ಟಿಗೆ ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ. ಹಳ್ಳದಲ್ಲಿ ನೀರಿರುತ್ತದೆ, ರಭಸ ಇಳಿದಿರುತ್ತದೆ, ಗದ್ದೆ ತೆನೆಗೆ ಬಂದಿರುತ್ತದೆ, ಉಣುಗಿನ ಕಾಲ ಇನ್ನೂ ಶುರುವಾಗಿರುವುದಿಲ್ಲ. ಕತ್ತಲೆ ಬೇಗ ಆಗುವುದರಿಂದ ನಾಲ್ಕು ಗಂಟೆಯೊಳಗೆ ರಸ್ತೆ ಮುಟ್ಟುವಂತೆ ಲೆಕ್ಕ ಹಾಕಿ. ಬಸ್ಸಿಗೆ ಕಾಯುವಾಗ ತಿರುವಿನಲ್ಲಿ ನಿಲ್ಲಬೇಡಿ, ಡ್ರೈವರ್‌ಗೆ ದೂರದಿಂದಲೇ ಕಾಣುವ ನೇರ ರಸ್ತೆಯಲ್ಲಿ ನಿಂತು ಕೈ ಮಾಡಿ. ಸ್ಟಾಪ್ ಇಲ್ಲದಿದ್ದರೂ ನಿಲ್ಲಿಸುತ್ತಾರೆ.