ನಾಲ್ಕು ಗಂಟೆಯ ಸಿಹಿಚಪಲ

ಸಿಹಿ ತಿನ್ನುವ ಚಪಲ ಹಸಿವಿನ ಮಾತು ಕೇಳುವುದಿಲ್ಲ, ಗಡಿಯಾರದ ಮಾತು ಕೇಳುತ್ತದೆ. ಅನ್ನ, ಮುದ್ದೆ, ಚಪಾತಿ ಕಡಿಮೆ ಮಾಡಿದ ಮೊದಲ ವಾರದಲ್ಲೇ ಇದು ನನಗೆ ಗೊತ್ತಾಯಿತು. ಬೆಳಿಗ್ಗೆಯಿಂದ ಒಂದು ಕಾಟವಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಆಫೀಸಿನಲ್ಲಿ ಟೀ ಲೋಟಗಳ ಸದ್ದು ಕೇಳಿಸಿದರೆ ಸಾಕು, ಬಾಯಿ ಏನಾದರೂ ಬೇಕು ಅನ್ನುತ್ತಿತ್ತು. ರಾತ್ರಿ ಊಟ ಮುಗಿಸಿ ಅಡುಗೆಮನೆ ಒರೆಸಿದ ಮೇಲೆ ಮತ್ತೊಂದು ಸಲ.

ಎಚ್‌ಬಿಎ1ಸಿ, ಅಂದರೆ ಕಳೆದ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ, 6.2 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ಡಾಕ್ಟರ ಹತ್ತಿರ ಮಾತಾಡಿಯೇ ಪಿಷ್ಟ (ಕಾರ್ಬೊಹೈಡ್ರೇಟ್) ಕಡಿಮೆ ಮಾಡಿದೆ. ಆಗ ನಾನು ಮಾತ್ರೆ ತಗೊಳ್ಳುತ್ತಿರಲಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತಗೊಳ್ಳುವವರು ತಾವಾಗಿಯೇ ಅನ್ನ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅವರು ಮೊದಲು ಡಾಕ್ಟರನ್ನು ಕೇಳಲೇಬೇಕು.

ನಾಲ್ಕು ಗಂಟೆಯ ಚಪಲ ಹುಟ್ಟುವುದು ಒಂದು ಗಂಟೆಯ ಊಟದ ಡಬ್ಬಿಯಲ್ಲಿ. ಬರೀ ಸೌತೆಕಾಯಿ ಕೋಸಂಬರಿ, ಹುರುಳಿಕಾಯಿ ಪಲ್ಯ ತುಂಬಿಕೊಂಡು ಹೋದ ದಿನ ಸಂಜೆ ಬಿಸ್ಕತ್ತಿನ ಪೊಟ್ಟಣ ಕಣ್ಣ ಮುಂದೆಯೇ ಕುಣಿಯುತ್ತಿತ್ತು. ಅದೇ ಪಲ್ಯಕ್ಕೆ ಧಾರಾಳ ಕಾಯಿತುರಿ, ಜೊತೆಗೆ ಎರಡು ಮೊಟ್ಟೆ ಅಥವಾ ಪನೀರು, ಒಂದು ಬಟ್ಟಲು ಗಟ್ಟಿ ಮೊಸರು ಇದ್ದರೆ ಆ ಕಾಟ ಅರ್ಧಕ್ಕರ್ಧ ಇಳಿಯುತ್ತಿತ್ತು. ಇನ್ನೊಂದು ಉಪ್ಪು. ಪಿಷ್ಟ ಕಡಿಮೆಯಾದಾಗ ದೇಹದಲ್ಲಿ ಇನ್ಸುಲಿನ್ ಇಳಿದು, ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೆಚ್ಚಾಗಿ ಹೊರಹಾಕುತ್ತವೆ. ಮೊದಲ ದಿನಗಳ ತಲೆನೋವು, ಸುಸ್ತು ಬಹುಮಟ್ಟಿಗೆ ಇದರಿಂದಲೇ. ಸುಸ್ತಾದಾಗ ನಮಗೆ ನೆನಪಾಗುವುದು ಸಕ್ಕರೆ ತಾನೆ. ನಾನು ಉಪ್ಪು, ಇಂಗು ಹಾಕಿದ ನೀರು ಮಜ್ಜಿಗೆ ಕುಡಿದೆ. ಬಿಪಿ ಇರುವವರು ಇದನ್ನು ಕಣ್ಣುಮುಚ್ಚಿ ಮಾಡಬೇಡಿ.

ಸಕ್ಕರೆ ಇಲ್ಲದ ಟೀ ನನಗೆ ಸೇರಲೇ ಇಲ್ಲ, ಬರೀ ಒಗರು. ಹಾಗಾಗಿ ಫಿಲ್ಟರ್ ಕಾಫಿಗೆ ಬದಲಾದೆ. ಗಟ್ಟಿ ಡಿಕಾಕ್ಷನ್ನಿಗೆ ನೀರು ಬೆರೆಸದ ಬಿಸಿ ಹಾಲು ಹಾಕಿದರೆ ಹಾಲಿನದೇ ಒಂದು ಸಣ್ಣ ಸಿಹಿ ನಾಲಿಗೆಗೆ ಸಿಗುತ್ತದೆ, ಆದರೆ ಅದು ತಿಳಿಯಬೇಕಾದರೆ ಸಕ್ಕರೆ ಬಿಟ್ಟು ಕೆಲವು ವಾರವಾದರೂ ಆಗಬೇಕು. ಅದರ ಜೊತೆ ಒಂದು ಹೋಳು ತೆಂಗಿನಕಾಯಿ. ನೂರು ಗ್ರಾಂ ಹಸಿ ಕಾಯಿಯಲ್ಲಿ ಪಿಷ್ಟ ಸುಮಾರು 15 ಗ್ರಾಂ, ಅದರಲ್ಲೂ 9 ಗ್ರಾಂ ನಾರು. ನಾವು ತಿನ್ನುವ ಹೋಳು ಅದರ ಕಾಲುಭಾಗವೂ ಇರುವುದಿಲ್ಲ. ಅಗಿದು ಮುಗಿಸುವಷ್ಟರಲ್ಲಿ ಟೀ ಹೊತ್ತು ದಾಟಿರುತ್ತದೆ.

"ಬೆಲ್ಲದ್ದು ಕಣಮ್ಮ, ಏನೂ ಆಗಲ್ಲ, ಒಂಚೂರು ತಗೋ" ಎಂದು ನಮ್ಮತ್ತೆ ಪ್ರೀತಿಯಿಂದಲೇ ಹೇಳುತ್ತಾರೆ. ಮಂಡ್ಯದ ಅಚ್ಚು ಬೆಲ್ಲವಾಗಲಿ ಫ್ಯಾಕ್ಟರಿ ಸಕ್ಕರೆಯಾಗಲಿ ಬಂದಿದ್ದು ಅದೇ ಕಬ್ಬಿನ ಹಾಲಿನಿಂದ, ರಕ್ತಕ್ಕೆ ಇಳಿದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇಲ್ಲ. 'ಸಕ್ಕರೆ ಹಾಕಿಲ್ಲ' ಎಂದು ಮಾರುವ ಖರ್ಜೂರದ ಉಂಡೆಯಂತೂ ಇನ್ನೊಂದು ಕಥೆ. ನೂರು ಗ್ರಾಂ ಖರ್ಜೂರದಲ್ಲಿ 60 ಗ್ರಾಂಗಿಂತ ಹೆಚ್ಚು ಸಕ್ಕರೆಯೇ ಇರುತ್ತದೆ. ಇಂಥ ಬದಲಿಗಳು ಚಪಲವನ್ನು ಸಾಕುತ್ತವೆ, ಬಿಡಿಸುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸ್ಟೀವಿಯಾ (ಸಕ್ಕರೆಯ ಬದಲು ಬಳಸುವ, ಒಂದು ಗಿಡದ ಎಲೆಯ ಸಿಹಿ) ಹಾಕಿದ ತಿಂಡಿಯನ್ನೂ ಇದೇ ಕಾರಣಕ್ಕೆ ದೂರ ಇಟ್ಟೆ.

ಮೈಸೂರಿನಲ್ಲಿದ್ದು ಮೈಸೂರ್ ಪಾಕ್ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಬಡ್ತಿ, ಮಗಳ ರಿಸಲ್ಟು, ಹೊಸ ಸ್ಕೂಟರು, ಎಲ್ಲಕ್ಕೂ ಮೇಜಿನ ಮೇಲೆ ಡಬ್ಬ ಬರುತ್ತದೆ. "ಡಯಟ್ ಮಾಡ್ತಿದೀನಿ" ಅಂದರೆ "ನಿಮಗ್ಯಾಕೆ ಮೇಡಂ ಡಯಟ್ಟು?" ಎಂದು ಚರ್ಚೆ ಶುರು. "ಈಗಷ್ಟೇ ಕಾಫಿ ಕುಡಿದೆ, ಆಮೇಲೆ ತಗೋತೀನಿ" ಅಂದರೆ ಯಾರೂ ಎರಡನೇ ಸಲ ಕೇಳುವುದಿಲ್ಲ, ಆಮೇಲೆ ಡಬ್ಬ ಖಾಲಿಯಾಗಿರುತ್ತದೆ. ದೇವಸ್ಥಾನದ ಪ್ರಸಾದ ಬೇಡ ಅನ್ನುವುದಿಲ್ಲ. ಒಂದು ಚಿಟಿಕೆ ಬಾಯಿಗೆ, ಉಳಿದದ್ದು ಪಕ್ಕದವರ ಕೈಗೆ.

ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಮಾತ್ರ ನನಗೊಂದು ದಾರಿ ಸಿಕ್ಕಿದೆ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬಿಸಿಲಿಗೆ ಹಾಕುವ ಕೆಲಸ ನನ್ನದೇ. ಹುರಿದ ಎಳ್ಳು, ಸಿಪ್ಪೆ ಬಿಡಿಸಿದ ಕಡಲೆಕಾಯಿ ಬೀಜ, ಕೊಬ್ಬರಿ ಕಲಸಿದಾಗಲೇ, ಬೆಲ್ಲ ಮತ್ತು ಹುರಿಗಡಲೆ ಬೀಳುವ ಮೊದಲು, ಒಂದು ಡಬ್ಬಿ ತೆಗೆದಿಟ್ಟುಕೊಳ್ಳುತ್ತೇನೆ. ಚೆನ್ನಾಗಿ ಹುರಿದ ಎಳ್ಳಿನ ಘಮದಲ್ಲಿ ಬೆಲ್ಲ ಇಲ್ಲದ್ದು ಅಷ್ಟಾಗಿ ಗೊತ್ತಾಗುವುದೇ ಇಲ್ಲ. ಸಕ್ಕರೆ ಅಚ್ಚುಗಳು ಎದುರುಮನೆ ಮಕ್ಕಳಿಗೆ.

ಯುಗಾದಿ ಒಬ್ಬಟ್ಟಿಗೆ ಇಂಥ ಉಪಾಯವಿಲ್ಲ. ಅರ್ಧ ತಿನ್ನುತ್ತೇನೆ, ತುಪ್ಪ ಹಾಕಿಕೊಂಡು, ಊಟದ ಕೊನೆಗೆ. ಅವತ್ತು ಎಲೆಗೆ ಅನ್ನ ಹಾಕಿಸಿಕೊಳ್ಳುವುದಿಲ್ಲ, ಒಬ್ಬಟ್ಟಿನ ಸಾರನ್ನು ಲೋಟದಲ್ಲಿ ಕುಡಿಯುತ್ತೇನೆ. ರಸಪುರಿ ಮಾವು ಬಂದಾಗಲೂ ಇದೇ ಲೆಕ್ಕ: ಸೀಕರಣೆ ಇಲ್ಲ, ಬರೀ ಎರಡು ಹೋಳು, ಆ ರಾತ್ರಿ ಚಪಾತಿ ಇಲ್ಲ.